ಏಳು ಹಾಡಿನ ಆಲ್ಬಂ, ಹುಬ್ಬಳ್ಳಿಯ ಸಣ್ಣ ಸ್ಟುಡಿಯೋ

ನಾನು ಅಣ್ಣಿಗೇರಿಯವಳು. ಹೈಸ್ಕೂಲಿನಲ್ಲಿ ಪಾಠ ಮಾಡುತ್ತೇನೆ. ಹಾಡು ಬರೆಯೋದು, ಅದಕ್ಕೆ ಧಾಟಿ ಹಾಕೋದು ಮೊದಲಿನಿಂದಲೂ ಇದೆ. ಶಾಲೆಯ ಕಾರ್ಯಕ್ರಮ, ಊರಿನ ಜಾತ್ರೆ, ಸ್ತ್ರೀಶಕ್ತಿ ಸಂಘದ ಸಭೆ, ಇಷ್ಟರಲ್ಲೇ ನನ್ನ ಹಾಡುಗಳ ಓಡಾಟ. ಅವನ್ನು ಒಮ್ಮೆ ಸರಿಯಾಗಿ ರೆಕಾರ್ಡ್ ಮಾಡಿಸಬೇಕು ಅನ್ನೋ ಆಸೆ ಬಹಳ ವರ್ಷಗಳದ್ದು. ಹೋದ ಮುಂಗಾರಿನಲ್ಲಿ ಶುರು ಮಾಡಿದೆ, ಈ ಮುಂಗಾರಿಗೆ ಮುಗಿಯಿತು. ಆಲ್ಬಂ ಈಗಷ್ಟೇ ಹೊರಗೆ ಬಂದಿದೆ.

ಶುರು ಮಾಡುವ ಮೊದಲು ಕನ್ನಡದಲ್ಲಿ ಇದರ ಬಗ್ಗೆ ಓದಲು ತುಂಬಾ ಹುಡುಕಿದ್ದೆ. ಪೇಟಿ (ಹಾರ್ಮೋನಿಯಂ), ತಬಲಾ ಇಟ್ಟುಕೊಂಡು ಹಾಡುವ ನಮ್ಮಂಥವರಿಗೆ ಉಪಯೋಗವಾಗುವಂಥದ್ದು ಜಾಸ್ತಿ ಸಿಗಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಅವಸರದಲ್ಲಿ ಓದುವವರಿಗೆ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ: ಸ್ಟುಡಿಯೋ ಮೆಟ್ಟಿಲು ಹತ್ತುವ ಮೊದಲು ಎರಡು ಕೆಲಸ ಮುಗಿಸಿಕೊಳ್ಳಿ, ಶ್ರುತಿ ಮತ್ತು ಕಾಗದಪತ್ರ. ನನ್ನ ಸಮಯ, ಹಣ, ನಿದ್ದೆ ಎಲ್ಲ ಹೋಗಿದ್ದು ಈ ಎರಡರ ಸುತ್ತಲೇ.

ಹುಬ್ಬಳ್ಳಿ-ಧಾರವಾಡದಲ್ಲಿ ಸಣ್ಣ ಸ್ಟುಡಿಯೋಗಳು ಅಲ್ಲಲ್ಲಿ ಇವೆ. ಹೆಚ್ಚಿನವು ಮನೆಯ ಮಹಡಿ ಮೇಲಿನ ಒಂದು ಕೋಣೆ, ಅದರೊಳಗೆ ಗಾಜು ಹಾಕಿ ಮಾಡಿದ ಇನ್ನೊಂದು ಚಿಕ್ಕ ಕೋಣೆ. ನಾನು ಆರಿಸಿಕೊಂಡದ್ದು ವಿದ್ಯಾನಗರದ ಕಡೆ ಇತ್ತು. ಕೋಣೆ ನೋಡಿ ಆರಿಸಲಿಲ್ಲ. ಅಲ್ಲೇ ರೆಕಾರ್ಡ್ ಆದ ಭಜನಿ ಪದವೊಂದನ್ನು ಹೆಡ್‌ಫೋನ್ ಹಾಕಿಕೊಂಡು ಕೇಳಿದೆ. ತಬಲಾದ ಮೇಲೆ ಬೆರಳು ಬೀಳುವುದು ಸ್ಪಷ್ಟವಾಗಿ ಕೇಳುತ್ತಿತ್ತು. ಎಷ್ಟೋ ಕಡೆ ಕೀಬೋರ್ಡ್ ಹಾಡುಗಳು ಚೆನ್ನಾಗಿ ಬರುತ್ತವೆ, ನಿಜವಾದ ವಾದ್ಯ ಮೈಕಿನ ಮುಂದೆ ಇಟ್ಟರೆ ಡಬ್ಬಿ ಬಡಿದ ಹಾಗೆ ಕೇಳುತ್ತದೆ. ನಿಮ್ಮ ಹಾಡಿನಲ್ಲಿ ಯಾವ ವಾದ್ಯ ಇದೆಯೋ ಅದೇ ವಾದ್ಯ ಇರುವ ಹಳೇ ಕೆಲಸ ಕೇಳಿಸಿ ಅಂತ ಕೇಳಿ. ಕೊಟ್ಟೇ ಕೊಡುತ್ತಾರೆ.

ದರ ಎರಡು ಥರ. ಗಂಟೆ ಲೆಕ್ಕ, ನಾನು ಕೊಟ್ಟದ್ದು ಗಂಟೆಗೆ ₹500. ಇನ್ನೊಂದು ಹಾಡಿಗಿಷ್ಟು ಅಂತ ಪ್ಯಾಕೇಜ್. ನನಗೆ ಹೇಳಿದ್ದು ಹಾಡಿಗೆ ₹15 ಸಾವಿರ, ಅದರಲ್ಲಿ ಕೀಬೋರ್ಡ್ ಪ್ರೋಗ್ರಾಮಿಂಗ್, ಮಿಕ್ಸಿಂಗ್ (ಬೇರೆ ಬೇರೆ ರೆಕಾರ್ಡ್ ಆದ ಧ್ವನಿಗಳನ್ನು ಹದವಾಗಿ ಸೇರಿಸೋದು) ಎಲ್ಲ ಸೇರಿ. ಪ್ಯಾಕೇಜ್ ಒಪ್ಪುವವರು ಎಷ್ಟು ಸಲ ತಿದ್ದಿ ಕೊಡುತ್ತಾರೆ, ತಬಲಾದವರ ಸಂಭಾವನೆ ಅದರಲ್ಲಿ ಇದೆಯೋ ಇಲ್ಲವೋ ಅನ್ನೋದನ್ನು ಬರೆಸಿಕೊಳ್ಳಿ. ನನ್ನ ಹಾಡುಗಳಲ್ಲಿ ಕೈವಾದ್ಯವೇ ಜಾಸ್ತಿ ಇದ್ದದ್ದರಿಂದ ಗಂಟೆ ಲೆಕ್ಕವೇ ಸರಿಹೋಯಿತು.

ಹಾಡು ಆರಿಸುವಾಗಲೇ ಮೊದಲ ಕಾಗದದ ಪ್ರಶ್ನೆ ಬಂತು. ಆರು ನನ್ನವೇ. ಏಳನೆಯದಾಗಿ ಬೇಂದ್ರೆ ಅಜ್ಜನವರ ಒಂದು ಕವಿತೆಗೆ ನಾನು ಹಾಕಿದ ಧಾಟಿ ಇತ್ತು. ಧಾರವಾಡ ಜಿಲ್ಲೆಯವರಾಗಿ ಅವರ ಒಂದು ಹಾಡೂ ಇಲ್ಲದೆ ಹೇಗೆ, ಅಲ್ವಾ? ಆದರೆ ನಮ್ಮ ದೇಶದ ಕಾಪಿರೈಟ್ ಕಾಯ್ದೆಯ ಪ್ರಕಾರ ಕವಿ ತೀರಿಕೊಂಡ ಮೇಲೆ 60 ವರ್ಷ ಹಕ್ಕು ಇರುತ್ತದೆ, ತೀರಿಕೊಂಡ ಮರುವರ್ಷದಿಂದ ಲೆಕ್ಕ. ಬೇಂದ್ರೆಯವರು ಹೋದದ್ದು 1981ರಲ್ಲಿ. ಹಾಗಾಗಿ 2041ರ ಕೊನೆಯವರೆಗೂ ವಾರಸುದಾರರ ಒಪ್ಪಿಗೆ ಬರಹದಲ್ಲಿ ಬೇಕು. ಸಭೆಯಲ್ಲಿ ಹಾಡೋದು ಬೇರೆ, ಆಲ್ಬಂ ಮಾಡಿ ಎಲ್ಲ ಕಡೆ ಬಿಡೋದು ಬೇರೆ. ಆ ಹಾಡನ್ನು ಮುಂದಿನ ಸಲಕ್ಕೆ ಇಟ್ಟುಕೊಂಡು ಶಿಶುನಾಳ ಶರೀಫರ ಒಂದು ತತ್ವಪದ ತೆಗೆದುಕೊಂಡೆ. ಶರೀಫರು ತೀರಿಕೊಂಡದ್ದು 1889ರಲ್ಲಿ, ಪದ ಎಲ್ಲರಿಗೂ ಮುಕ್ತ. ಇಲ್ಲೂ ಒಂದು ಸೂಕ್ಷ್ಮ ಇದೆ. ಪದ ಮುಕ್ತವಾದರೂ ಧಾಟಿ ಮುಕ್ತವಲ್ಲ. ಸಿ. ಅಶ್ವತ್ಥ್ ಅವರು ಶರೀಫರ ಪದಗಳಿಗೆ ಹಾಕಿದ ಸಂಗೀತ ನಮ್ಮ ಕಿವಿಯಲ್ಲಿ ಎಷ್ಟು ಕೂತಿದೆ ಅಂದರೆ ಅದೇ ಮೂಲ ಧಾಟಿ ಅಂತ ಅನಿಸಿಬಿಡುತ್ತದೆ. ಅದು ಅವರ ಸಂಗೀತ, ಅದಕ್ಕೆ ಬೇರೆ ಹಕ್ಕು ಇದೆ. ನಾನು ನಮ್ಮೂರ ಭಜನಾ ಮಂಡಳಿಯ ಹಿರಿಯರು ತಲೆಮಾರಿನಿಂದ ಹಾಡಿಕೊಂಡು ಬಂದ ಧಾಟಿ ಹಿಡಿದೆ. ಅದು ನಿಧಾನದ್ದು, ನನಗೆ ಅದೇ ಹೆಚ್ಚು ಇಷ್ಟ.

ಇನ್ನು ಶ್ರುತಿ. ನಾನು ಹಾಡೋದು ಬಿಳಿ ನಾಲ್ಕಕ್ಕೆ, ಅಂದರೆ ಪೇಟಿಯ ಸಪ್ತಕದ ನಾಲ್ಕನೇ ಬಿಳಿ ಕೀಯನ್ನು ಷಡ್ಜ ಮಾಡಿಕೊಂಡು. ಧಾರವಾಡದಲ್ಲಿ ಸಂಗೀತ ಕಲಿಯುತ್ತಿರುವ ಹುಡುಗಿಯೊಬ್ಬಳು ನಾಲ್ಕು ಹಾಡು ಹಾಡಲು ಒಪ್ಪಿದ್ದಳು, ಅವಳದು ಕಪ್ಪು ನಾಲ್ಕು. ಸ್ಟುಡಿಯೋದಲ್ಲಿ ಒಮ್ಮೆ ವಾದ್ಯ ರೆಕಾರ್ಡ್ ಆದ ಮೇಲೆ ಶ್ರುತಿ ಏರಿಸಿದರೆ, ಇಳಿಸಿದರೆ ತಬಲಾ, ಕೊಳಲಿನ ಧ್ವನಿ ಕೆಡುತ್ತದೆ. ಯಾವ ಹಾಡು ಯಾರದು, ಯಾವ ಶ್ರುತಿ, ಯಾವ ನಡೆ ಅನ್ನೋದನ್ನು ಮನೆಯಲ್ಲೇ ಹಾಡಿ ಹಾಡಿ ಗಟ್ಟಿ ಮಾಡಿ ಬರೆದಿಟ್ಟುಕೊಂಡೆವು. ಪಲ್ಲವಿಯಷ್ಟೇ ಹಾಡಿ ಶ್ರುತಿ ನಿರ್ಧರಿಸಬೇಡಿ. ಚರಣದಲ್ಲಿ ಮೇಲಿನ ಷಡ್ಜ ಮುಟ್ಟುವ ಜಾಗ ಇರುತ್ತದಲ್ಲ, ಅಲ್ಲಿ ದಣಿದಾಗಲೂ ಧ್ವನಿ ನಿಲ್ಲಬೇಕು. ಸ್ಟುಡಿಯೋದಲ್ಲಿ ಅದೇ ಸಾಲನ್ನು ಮತ್ತೆ ಮತ್ತೆ ಹಾಡಬೇಕಾಗುತ್ತದೆ.

ಇಷ್ಟೆಲ್ಲ ತಯಾರಿ ಮಾಡಿಕೊಂಡು ಹೋದರೂ ಮೊದಲ ದಿನ ಕೆಲಸ ನಿಂತಿತು. ಕೀಬೋರ್ಡಿನ ತಂಬೂರಿ ನಾದದ ಮೇಲೆ ನನ್ನ ಪೇಟಿ ನುಡಿಸಿದರೆ ಎರಡೂ ಸೇರುತ್ತಲೇ ಇಲ್ಲ. ಕಿವಿಗೆ ಒಂದು ಥರ ಅಲೆ ಅಲೆಯಾಗಿ ಹಿಂಸೆ. ಪೇಟಿ ನಮ್ಮ ತಂದೆಯವರದು, ಹಳೆಯದು. ಕೆಟ್ಟುಹೋಯಿತೇನೋ ಅಂತ ನನಗೆ ಬಹಳ ಸಂಕಟವಾಯಿತು. ರೆಕಾರ್ಡಿಂಗ್ ಮಾಡುವ ಹುಡುಗ ಸಮಾಧಾನ ಹೇಳಿದ. "ಅಕ್ಕಾರ, ಪೇಟಿ ಕೆಟ್ಟಿಲ್ರೀ. ಕಂಪ್ಯೂಟರಿನ ಸುರ್ ಬ್ಯಾರೆ, ಪೇಟಿ ಸುರ್ ಬ್ಯಾರೆ ಐತಿ."

ವಿಷಯ ಇಷ್ಟು. ಕೀಬೋರ್ಡ್, ಕಂಪ್ಯೂಟರ್ ಎಲ್ಲ ಈಗ ಒಂದೇ ಅಳತೆಗೆ ಶ್ರುತಿ ಕೂಡಿಸಿರುತ್ತಾರೆ, ಮಧ್ಯ ಸಪ್ತಕದ ಬಿಳಿ ಆರು ಅಂದರೆ ಸೆಕೆಂಡಿಗೆ 440 ಕಂಪನ. ಹಳೇ ಪೇಟಿಗಳ ರೀಡು (ಒಳಗೆ ನಾದ ಹೊರಡಿಸುವ ಲೋಹದ ಪಟ್ಟಿ) ಆ ಅಳತೆಗೆ ಇರಬೇಕು ಅಂತೇನಿಲ್ಲ. ನನ್ನ ಪೇಟಿಯದು 445ರ ಹತ್ತಿರ ಇತ್ತು. ಎರಡು ಪಕ್ಕದ ಸ್ವರಗಳ ನಡುವಿನ ಅಂತರದಲ್ಲಿ ಐದನೇ ಒಂದು ಪಾಲು ಮೇಲೆ. ಒಬ್ಬರೇ ನುಡಿಸಿದರೆ ಯಾರಿಗೂ ತಿಳಿಯುವುದಿಲ್ಲ, ಇನ್ನೊಂದು ವಾದ್ಯ ಜೊತೆಯಾದ ಕೂಡಲೇ ತಿಳಿಯುತ್ತದೆ. ರೀಡು ಕೆರೆದು ಕೂಡಿಸಬಹುದು, ಆದರೆ ಅದು ನುರಿತವರ ಕೆಲಸ, ಸಮಯ ಹಿಡಿಯುತ್ತದೆ, ಮತ್ತು ಆ ಪೇಟಿಯ ನಾದ ಬದಲಾಗುವುದು ನನಗೆ ಇಷ್ಟವಿರಲಿಲ್ಲ. ಕೊನೆಗೆ ಉಲ್ಟಾ ಮಾಡಿದೆವು. ಪೇಟಿಯನ್ನು ಹಾಗೇ ಬಿಟ್ಟು ಕಂಪ್ಯೂಟರಿನಲ್ಲಿ 440 ಇದ್ದದ್ದನ್ನು 445 ಮಾಡಿದೆವು. ತಂಬೂರಿ, ಕೀಬೋರ್ಡ್ ಎಲ್ಲ ಪೇಟಿಯ ಹಿಂದೆ ಬಂದವು. ಆದರೆ ಕೊಳಲಿನವರಿಗೆ ಇದನ್ನು ಮೊದಲೇ ಹೇಳಿರಬೇಕು, ಅವರ ಕೊಳಲು ಆ ಎತ್ತರಕ್ಕೆ ಬರಬೇಕಲ್ಲ. ನಮ್ಮವರು ಬೇರೆ ಕೊಳಲು ತರಲು ವಾಪಸ್ ಧಾರವಾಡಕ್ಕೆ ಚಿಗರಿ ಬಸ್ ಹತ್ತಬೇಕಾಯಿತು. ಅವತ್ತಿನ ಬಾಡಿಗೆ ಹೋಯಿತು. ನೀವು ಪೇಟಿ ಒಯ್ಯುವವರಾದರೆ ಮೊಬೈಲಿನಲ್ಲಿ ಒಂದು ಟ್ಯೂನರ್ ಆ್ಯಪ್ ಹಾಕಿ, ಮನೆಯಲ್ಲೇ ಬಿಳಿ ಆರು ಒತ್ತಿ ನೋಡಿ, ಬಂದ ಅಂಕಿಯನ್ನು ಎಲ್ಲರಿಗೂ ಹೇಳಿಬಿಡಿ.

ತಬಲಾ ಮಾಸ್ತರರ ಬಗ್ಗೆ ಸ್ವಲ್ಪ ಜಾಸ್ತಿ ಬರೆಯಬೇಕು. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಲಿತವರು. ಕಣ್ಣು ಕಾಣುವುದಿಲ್ಲ. ಧಾರವಾಡ ಆಕಾಶವಾಣಿಯಲ್ಲಿ ಬಹಳ ಸಲ ನುಡಿಸಿದ್ದಾರೆ. 1950ರಲ್ಲಿ ಶುರುವಾದ ಆ ನಿಲಯದಲ್ಲಿ ಸುಗಮ ಸಂಗೀತ ಅಂದರೆ ಎಲ್ಲರೂ ಒಟ್ಟಿಗೆ ಕೂತು, ಒಬ್ಬರನ್ನೊಬ್ಬರು ಕೇಳಿಸಿಕೊಂಡು, ಒಂದೇ ಉಸಿರಿಗೆ ಹಾಡಿ ಮುಗಿಸೋದು. ಈಗಿನ ಸಣ್ಣ ಸ್ಟುಡಿಯೋದಲ್ಲಿ ಹಾಗಲ್ಲ. ಮೊದಲು ಒಂದು ಕಚ್ಚಾ ಹಾಡು, ಅದರ ಮೇಲೆ ತಬಲಾ, ಆಮೇಲೆ ಪೇಟಿ, ಆಮೇಲೆ ಕೊಳಲು, ಕಡೆಗೆ ನಿಜವಾದ ಹಾಡು. ಎಲ್ಲರ ಕಿವಿಯಲ್ಲೂ ಕ್ಲಿಕ್ ಅಂತ ಒಂದು ಟಿಕ್ ಟಿಕ್ ಬಡಿಯುತ್ತಿರುತ್ತದೆ, ನಡೆ ತಪ್ಪಬಾರದು ಅಂತ. ಮಾಸ್ತರರು ಸ್ವಲ್ಪ ಹೊತ್ತು ನುಡಿಸಿ ಹೆಡ್‌ಫೋನ್ ತೆಗೆದಿಟ್ಟರು. "ತಂಗಿ, ಕಿವ್ಯಾಗ ಇದನ್ನ ಇಟ್ಕೊಂಡ್ರ ನಿನ್ನ ಹಾಡು ನನಗ ಕೇಳಂಗಿಲ್ಲ."

ಅವರು ಹೇಳಿದ್ದು ಪೂರ್ತಿ ನಿಜ. ಹಂತಿ ಪದದ (ರಾಶಿ ಮಾಡುವಾಗ ಕಣದಲ್ಲಿ ಹಾಡುವ ಪದ) ನಡೆಯಲ್ಲಿ ಬರೆದ ನನ್ನ ಎರಡು ಹಾಡುಗಳು ನಿಧಾನ ಶುರುವಾಗಿ ಕೊನೆಗೆ ಬರುಬರುತ್ತಾ ಚುರುಕಾಗಬೇಕು. ಅದೇ ಅವುಗಳ ಜೀವ. ಕ್ಲಿಕ್ ಹಾಕಿದರೆ ಅದು ಸತ್ತೇ ಹೋಗುತ್ತದೆ. ಚರ್ಚೆ ಮಾಡಿ ಆ ಹಾಡುಗಳಿಗೆ ಕ್ಲಿಕ್ ಬಿಟ್ಟೆವು. ನಾನು ಪೇಟಿ ಹಿಡಿದು ಗಾಜಿನ ಕೋಣೆಯೊಳಗೆ, ಮಾಸ್ತರರು ಹೊರಗಿನ ಕೋಣೆಯಲ್ಲಿ ಬೇರೆ ಮೈಕ್ ಮುಂದೆ, ಇಬ್ಬರೂ ಒಟ್ಟಿಗೆ ನುಡಿಸಿದೆವು. ಇದರಿಂದ ಆಮೇಲೆ ಕೀಬೋರ್ಡ್ ಹಾಕುವವರಿಗೆ ಕೆಲಸ ಜಾಸ್ತಿ ಆಯಿತು, ತಾಳದ ಪ್ರತಿ ಸುತ್ತಿನ ಮೊದಲ ಪೆಟ್ಟನ್ನು ಕಂಪ್ಯೂಟರಿನಲ್ಲಿ ಗುರುತು ಹಾಕಿಕೊಳ್ಳಬೇಕು, ಅದಕ್ಕೆ ಬೇರೆ ದುಡ್ಡು ಕೊಟ್ಟೆ. ಕೊಟ್ಟದ್ದಕ್ಕೆ ಒಂದಿಷ್ಟೂ ಬೇಸರವಿಲ್ಲ. ಆಲ್ಬಂನಲ್ಲಿ ಜನ ಹೆಚ್ಚು ಮೆಚ್ಚಿದ್ದು ಆ ಎರಡನ್ನೇ. ದಾದ್ರಾ, ಕೆಹರವಾ ತಾಳಗಳಲ್ಲಿ ಒಂದೇ ನಡೆಗೆ ಹೋಗುವ ಹಾಡುಗಳಿಗೆ ಕ್ಲಿಕ್ ಇರಲಿ, ತಿದ್ದೋಕೆ ಸುಲಭ. ಎಲ್ಲದಕ್ಕೂ ಬೇಕೇ ಬೇಕು ಅಂತ ಯಾರಾದರೂ ಹೇಳಿದರೆ ಸುಮ್ನೆ ಒಪ್ಪಬೇಡಿ.

ಮಳೆಗಾಲದಲ್ಲಿ ತಬಲಾ ರೆಕಾರ್ಡಿಂಗ್ ಇಟ್ಟುಕೊಳ್ಳಬೇಡಿ ಅಂತಲೂ ಹೇಳಬೇಕು. ಥಂಡಿಗೆ ಚರ್ಮ ಸಡಿಲವಾಗಿ ಸುರ್ ಇಳಿಯುತ್ತದೆ. ಎಸಿ ಹಾಕಿದರೆ ಒಂದು ಥರ, ರೆಕಾರ್ಡಿಂಗ್ ಹೊತ್ತಿಗೆ ಸದ್ದಾಗುತ್ತದೆ ಅಂತ ಆರಿಸಿದರೆ ಇನ್ನೊಂದು ಥರ. ಮಾಸ್ತರರು ಪ್ರತಿ ಟೇಕ್‌ಗೂ ಸುತ್ತಿಗೆ ಹಿಡಿದು ಕೂಡಿಸುತ್ತಲೇ ಇದ್ದರು. ಅವರ ದಿನಬಳಕೆಯ ತಬಲಾ ಕಪ್ಪು ಒಂದಕ್ಕೆ ಕೂಡುವಂಥದ್ದು. ಬಿಳಿ ನಾಲ್ಕಕ್ಕೆ ಬಾಯಿ ಅಗಲ ಇರುವ ತಬಲಾ ಬೇಕು, ಅದನ್ನು ಗದಗಿನಿಂದ ತರಿಸಬೇಕಾಯಿತು.

ಹಾಡುವ ಸರದಿ ಬಂದಾಗ ನನಗೆ ಹೊಸದೊಂದು ಪಾಠ. ಬರೆಯುವಾಗ ಚಂದ ಕಂಡ ಸಾಲು ಮೈಕಿನ ಮುಂದೆ ನಿಲ್ಲುವುದಿಲ್ಲ. ಹೆಸರು ಕಾಳಿನ ರಾಶಿಯ ಹಾಡಿನಲ್ಲಿ "ಕಣದಾಗ ರಾಶಿ ಕಟ್ಟು" ಅಂತ ಪಲ್ಲವಿ ಮುಗಿಯುತ್ತಿತ್ತು. ಅಲ್ಲಿ ಸ್ವರ ಉದ್ದಕ್ಕೆ ಎಳೆಯಬೇಕು. "ಟ್ಟು" ಮೇಲೆ ಎಳೆಯೋಕೆ ಆಗುತ್ತಾ? ಬಾಯಿ ಮುಚ್ಚಿಕೊಂಡುಬಿಡುತ್ತದೆ. ಹುಡುಗಿ ಒದ್ದಾಡಿದಳು. ಅಲ್ಲೇ ಕೂತು "ರಾಶಿ ಕಟ್ಟೋಣ ಬಾರಾ" ಅಂತ ಮಾಡಿದೆ, "ರಾ" ಸಿಕ್ಕ ಕೂಡಲೇ ಅವಳ ಧ್ವನಿ ಅರಳಿಬಿಟ್ಟಿತು. ಪ, ಬ, ಭ ದಿಂದ ಶುರುವಾಗುವ ಸಾಲುಗಳಲ್ಲಿ ಗಾಳಿ ಮೈಕಿಗೆ ಬಡಿಯುತ್ತದೆ. ಮುಂದೆ ಜಾಲರಿ ಇಡುತ್ತಾರೆ, ಮುಖ ಸ್ವಲ್ಪ ಓರೆ ಮಾಡಿ ಹಾಡಿದರೆ ಇನ್ನೂ ಒಳ್ಳೆಯದು. ಹಾಳೆ ಕೈಯಲ್ಲಿ ಹಿಡಿಯಬೇಡಿ, ಸರಬರ ಸದ್ದು ರೆಕಾರ್ಡ್ ಆಗುತ್ತದೆ. ಬಳೆ ತೆಗೆದಿಡಿ. ಹೆಡ್‌ಫೋನ್ ಒಂದು ಕಿವಿಗೆ ಮಾತ್ರ ಹಾಕಿಕೊಂಡರೆ ನನಗಂತೂ ಶ್ರುತಿ ಚೆನ್ನಾಗಿ ನಿಂತಿತು. ನನ್ನ ಧ್ವನಿಯನ್ನು ಮೊದಲ ಸಲ ಸ್ಪೀಕರಿನಲ್ಲಿ ಕೇಳಿದಾಗ ಕಣ್ಣು ತುಂಬಿತು. ಚಂದ ಬಂತು ಅಂತಲ್ಲ, ನಮ್ಮ ಅವ್ವನ ಧ್ವನಿ ಅದರಲ್ಲಿ ಕೇಳಿತು.

ಆಮೇಲೆ ಕಾಯುವ ಕಾಲ. ಇದನ್ನು ಯಾರೂ ಮೊದಲೇ ಹೇಳುವುದಿಲ್ಲ. ಸಣ್ಣ ಸ್ಟುಡಿಯೋ ನಡೆಸುವವರು ಬರೀ ಸ್ಟುಡಿಯೋದಿಂದ ಬದುಕೋಕೆ ಆಗಲ್ಲ, ಆರ್ಕೆಸ್ಟ್ರಾ, ಮದುವೆ, ಜಾತ್ರೆಗಳ ಸೌಂಡ್ ಕೆಲಸವನ್ನೂ ಹಿಡಿದಿರುತ್ತಾರೆ. ಗಣೇಶ ಚೌತಿ, ದಸರಾ, ಆಮೇಲೆ ಮದುವೆ ಸೀಸನ್, ತಿಂಗಳುಗಟ್ಟಲೆ ನಮ್ಮ ಫೈಲ್ ಹಾಗೇ ಕೂತಿತ್ತು. ಫೋನ್ ಮಾಡಿದರೆ "ಬರೂ ವಾರ ಅಕ್ಕಾರ" ಅನ್ನೋ ಉತ್ತರ. ಅವರ ಮೇಲೆ ಸಿಟ್ಟಿಲ್ಲ. ಆದರೆ ಇಂಥ ಹಬ್ಬಕ್ಕೆ ಬಿಡುಗಡೆ ಅಂತ ಊರಿಗೆಲ್ಲ ಹೇಳಿಬಿಡಬೇಡಿ.

ಮಿಕ್ಸ್ ಬಂದ ಮೇಲೆ ದೊಡ್ಡ ತೊಡಕು ಎದ್ದಿತು. ಒಂದು ಹಾಡನ್ನು ಪರೀಕ್ಷೆಗೆ ಅಂತ ಯೂಟ್ಯೂಬಿನಲ್ಲಿ ಗುಟ್ಟಾಗಿ ಹಾಕಿ ನೋಡಿದರೆ ಕಾಪಿರೈಟ್ ಕ್ಲೇಮ್, ಅಂದರೆ ಇದರಲ್ಲಿ ಬೇರೆಯವರ ಹಕ್ಕು ಇದೆ ಅನ್ನೋ ತಕರಾರು, ಬಂತು. ನಾನೇ ಬರೆದ, ನಾನೇ ಧಾಟಿ ಹಾಕಿದ ಹಾಡಿಗೆ! ಎದೆ ಧಸಕ್ಕೆಂದಿತು. ವಿಚಾರಿಸಿದಾಗ ತಿಳಿದದ್ದು, ಪ್ರೋಗ್ರಾಮಿಂಗ್ ಮಾಡಿದವರು ಅದರಲ್ಲಿ ಒಂದು ರೆಡಿಮೇಡ್ ಡೋಲಿನ ಲೂಪ್ (ಮೊದಲೇ ರೆಕಾರ್ಡ್ ಆಗಿರುವ, ಮತ್ತೆ ಮತ್ತೆ ಬರುವ ತುಣುಕು) ಹಾಕಿದ್ದರು. ಅದೇ ಲೂಪ್ ಇನ್ಯಾರದೋ ಹಾಡಿನಲ್ಲೂ ಇತ್ತು, ಯೂಟ್ಯೂಬಿನ ಯಂತ್ರ ಅದನ್ನು ಗುರುತು ಹಿಡಿದಿತ್ತು. ಅಂಥ ಲೂಪ್ ಬಳಸೋದು ಕಾನೂನಿನಲ್ಲಿ ತಪ್ಪಲ್ಲದೇ ಇರಬಹುದು, ಲೈಸೆನ್ಸ್ ಇದ್ದರೆ. ಆದರೆ ಜಗಳ ಬಿಡಿಸೋದು ನಮ್ಮ ತಲೆಗೆ ಬರುತ್ತದೆ. ಅದನ್ನು ತೆಗೆಸಿ ನಮ್ಮೂರ ಹಲಗಿ ಬಾರಿಸುವ ಅಣ್ಣನನ್ನು ಕರೆತಂದೆ. ಹಲಗಿಯ ಸದ್ದು ಆ ಕೋಣೆಗೆ ಹಿಡಿಸಲೇ ಇಲ್ಲ, ಗಾಜು ನಡುಗುತ್ತಿತ್ತು. ಕೊನೆಗೆ ಮಹಡಿ ಮೆಟ್ಟಿಲಿನ ಹತ್ತಿರ ನಿಲ್ಲಿಸಿ, ಮೈಕನ್ನು ದೂರ ಇಟ್ಟು ರೆಕಾರ್ಡ್ ಮಾಡಿದರು. ಎಷ್ಟು ಚಂದ ಬಂತು ಅಂದರೆ ಬೇರೆ ಹಾಡಿಗೂ ಹಾಕಿಸಿದೆ. ನೀವು ಮೊದಲ ದಿನವೇ ಹೇಳಿಬಿಡಿ, ರೆಡಿಮೇಡ್ ಲೂಪ್ ಬೇಡ, ಹಾಕಿದರೆ ಎಲ್ಲಿಂದ ತಂದದ್ದು ಅಂತ ಬರೆದುಕೊಡಿ ಅಂತ.

ಮಿಕ್ಸ್ ಕೇಳುವುದಕ್ಕೆ ಸ್ಟುಡಿಯೋ ಸ್ಪೀಕರ್ ನಂಬಬೇಡಿ. ಸಾದಾ ಮೊಬೈಲಿನಲ್ಲಿ, ಆಟೋದಲ್ಲಿ, ಅಡುಗೆಮನೆಯಲ್ಲಿ ಕುಕ್ಕರ್ ಕೂಗುತ್ತಿರುವಾಗ ಕೇಳಿ. ಮಾತು ತಿಳಿಯಬೇಕು. ಹಾಡು ಬರೆದವರು ನಾವು, ಅಕ್ಷರ ಕೇಳದಿದ್ದರೆ ಏನು ಉಪಯೋಗ?

ಈಗ ಕಾಗದಪತ್ರ. ಹಾಡಿನ ಸಾಹಿತ್ಯಕ್ಕೆ ಒಂದು ಹಕ್ಕು, ಧಾಟಿಗೆ ಒಂದು, ರೆಕಾರ್ಡ್ ಆದ ಧ್ವನಿಗೆ ಇನ್ನೊಂದು. ಹಾಡಿದವರಿಗೆ, ನುಡಿಸಿದವರಿಗೂ ಅವರದೇ ಹಕ್ಕು ಇದೆ. ಎಲ್ಲರ ಜೊತೆ ಇ-ಸ್ಟ್ಯಾಂಪ್ ಪೇಪರಿನ ಮೇಲೆ ಕನ್ನಡದಲ್ಲೇ ಒಪ್ಪಂದ ಬರೆಸಿದೆ. ಸಂಭಾವನೆ ಎಷ್ಟು, ಮುಂದೆ ಹಣ ಬಂದರೆ ಯಾರಿಗೆ ಎಷ್ಟು ಪಾಲು, ಹೆಸರು ಹೇಗೆ ಹಾಕಬೇಕು, ಎಲ್ಲ. ಮಾಸ್ತರರಿಗೆ ಅಕ್ಷರ ಅಕ್ಷರ ಓದಿ ಹೇಳಿದೆ, ಅವರ ಮಗ ಪಕ್ಕದಲ್ಲಿ ಕೂತಿದ್ದರು. ಪಾಲಿನ ಸಾಲನ್ನು ಇನ್ನೊಮ್ಮೆ ಓದಿಸಿಕೊಂಡರು. ಇಷ್ಟು ವರ್ಷ ನುಡಿಸಿದ್ದಕ್ಕೆ ಹೀಗೆ ಬರೆದುಕೊಟ್ಟವರು ಯಾರೂ ಇರಲಿಲ್ಲ ಅಂದರು. ನನಗೆ ಬಹಳ ಬೇಸರವಾಯಿತು ಅದನ್ನು ಕೇಳಿ.

ನಡುವೆ ಒಂದು ಆಡಿಯೋ ಕಂಪನಿಯವರು ಸಂಪರ್ಕಿಸಿದರು. ಖರ್ಚಿಲ್ಲದೆ ನಮ್ಮ ಚಾನೆಲ್‌ನಲ್ಲಿ ಬಿಡುಗಡೆ ಮಾಡುತ್ತೇವೆ, ಸಹಿ ಮಾಡಿ ಅಂದರು. ಇಂಗ್ಲಿಷಿನ ಆ ಕಾಗದವನ್ನು ಪರಿಚಯದ ವಕೀಲರಿಗೆ ತೋರಿಸಿದೆ. ಸಾಹಿತ್ಯ, ಧಾಟಿ, ಧ್ವನಿ ಎಲ್ಲ ಶಾಶ್ವತವಾಗಿ, ಇಡೀ ಜಗತ್ತಿಗೆ, ಅವರಿಗೇ ಅಂತ ಇತ್ತು. ಬರೆಯುವವರು ತಿಳಿದಿರಬೇಕಾದ ವಿಷಯ ಇದು. ಕಾಪಿರೈಟ್ ಕಾಯ್ದೆಗೆ 2012ರ ತಿದ್ದುಪಡಿ ಆದ ಮೇಲೆ ಸಿನಿಮಾ ಹಾಡಿರಲಿ, ಬೇರೆ ಹಾಡಿರಲಿ, ಸಾಹಿತಿ ಮತ್ತು ಸಂಗೀತಗಾರರ ರಾಯಲ್ಟಿ ಪಾಲನ್ನು ಕಂಪನಿಗೆ ಬರೆದುಕೊಡೋಕೆ ಬರುವುದಿಲ್ಲ, ವಾರಸುದಾರರಿಗೆ ಅಥವಾ ಕಾಪಿರೈಟ್ ಸೊಸೈಟಿಗೆ (ಬರೆದವರ ಪರವಾಗಿ ರಾಯಲ್ಟಿ ವಸೂಲಿ ಮಾಡುವ ಸಂಸ್ಥೆ) ಮಾತ್ರ ಕೊಡಬಹುದು. ಒಪ್ಪಂದದಲ್ಲಿ ಅವಧಿ ಬರೆಯದಿದ್ದರೆ ಕಾನೂನು 5 ವರ್ಷ ಅಂತಲೇ ತಿಳಿಯುತ್ತದೆ, ಜಾಗ ಬರೆಯದಿದ್ದರೆ ಭಾರತಕ್ಕೆ ಮಾತ್ರ. ನಾನು ಸಹಿ ಮಾಡಲಿಲ್ಲ.

ಕಾಪಿರೈಟ್ ನೋಂದಣಿ ಕಡ್ಡಾಯವಲ್ಲ, ಬರೆದ ಕೂಡಲೇ ಹಕ್ಕು ನಮ್ಮದೇ. ಆದರೂ ನಾಳೆ ತಕರಾರು ಬಂದರೆ ಸಾಕ್ಷಿಗೆ ಇರಲಿ ಅಂತ ಆನ್‌ಲೈನಿನಲ್ಲಿ ಅರ್ಜಿ ಹಾಕಿದೆ. ಸಾಹಿತ್ಯಕ್ಕೆ ಒಂದು ಕೃತಿಗೆ ₹500, ಧ್ವನಿಮುದ್ರಣಕ್ಕೆ ₹2000. ಡೈರಿ ನಂಬರ್ (ಅರ್ಜಿಯ ಗುರುತಿನ ಸಂಖ್ಯೆ) ಕೂಡಲೇ ಬರುತ್ತದೆ. ಆಮೇಲೆ ಯಾರಾದರೂ ಆಕ್ಷೇಪಣೆ ಹಾಕುತ್ತಾರಾ ಅಂತ 30 ದಿನ ಕಾಯುತ್ತಾರೆ, ಅದಾದ ಮೇಲೆಯೇ ಪರಿಶೀಲನೆ. ನನ್ನದು ಇನ್ನೂ ಪರಿಶೀಲನೆಯಲ್ಲಿದೆ.

ಬಿಡುಗಡೆಯನ್ನು ಡಿಸ್ಟ್ರಿಬ್ಯೂಟರ್ ಸೇವೆಯೊಂದರ (ಹಾಡನ್ನು ಸ್ಪಾಟಿಫೈನಂಥ ಆ್ಯಪ್‌ಗಳಿಗೆ ಕಳಿಸಿಕೊಡುವವರು) ಮೂಲಕ ನಾನೇ ಮಾಡಿದೆ. ಮುಖಚಿತ್ರ 3000×3000 ಪಿಕ್ಸೆಲ್ ಚೌಕ ಇರಬೇಕು, ಹಾಡು ವೇವ್ ಫೈಲ್ ಇರಬೇಕು. ಪ್ರತಿ ರೆಕಾರ್ಡಿಂಗಿಗೂ ಐಎಸ್‌ಆರ್‌ಸಿ ಅಂತ 12 ಅಕ್ಷರ-ಅಂಕಿಗಳ ಒಂದು ಗುರುತು ಕೊಡುತ್ತಾರೆ, ಅದನ್ನು ಬರೆದಿಟ್ಟುಕೊಳ್ಳಿ, ನಾಳೆ ಸೇವೆ ಬದಲಾಯಿಸಿದರೂ ಅದೇ ನಂಬರ್ ಬೇಕು. ಸ್ಪಾಟಿಫೈನ ಪ್ಲೇಲಿಸ್ಟ್‌ಗೆ ಹಾಡು ಸೂಚಿಸಬೇಕಾದರೆ ಬಿಡುಗಡೆಗೆ ಕನಿಷ್ಠ 7 ದಿನ ಮೊದಲೇ ಕಳಿಸಬೇಕು. ನಮ್ಮ ಗಾಯಕಿಯ ಹಾಡುಗಳು ಅದೇ ಹೆಸರಿನ ಬೇರೊಬ್ಬರ ಪುಟಕ್ಕೆ ಹೋಗಿ ಕೂತಿದ್ದವು. ಪಾಪ, ಮನೆಯವರಿಗೆಲ್ಲ ತೋರಿಸೋಣ ಅಂತ ಕಾದಿದ್ದಳು. ದೂರು ಕೊಟ್ಟು ಸರಿಮಾಡಿಸಲು ಸಮಯ ಹಿಡಿಯಿತು. ಮೊದಲೇ ಹೆಸರಿನ ಜೊತೆ ಊರಿನ ಅಥವಾ ಮನೆತನದ ಹೆಸರು ಸೇರಿಸಿಕೊಳ್ಳಿ. ದುಡ್ಡಿನ ಆಸೆ ಇಟ್ಟುಕೊಳ್ಳಬೇಡಿ. 2024ರಿಂದ ಸ್ಪಾಟಿಫೈನಲ್ಲಿ ಒಂದು ಹಾಡು 12 ತಿಂಗಳಲ್ಲಿ 1000 ಸಲ ಕೇಳಿಸದಿದ್ದರೆ ಅದಕ್ಕೆ ಏನೂ ಸೇರುವುದಿಲ್ಲ.

ಒಟ್ಟು ಖರ್ಚು ₹85 ಸಾವಿರ ದಾಟಿತು. ಚೀಟಿ ಎತ್ತಿದ ಹಣ ಅದು. ಅದರಲ್ಲಿ ದೊಡ್ಡ ಪಾಲು ಮಿಕ್ಸಿಂಗ್ ಮತ್ತು ಅದರ ಮೇಲೆ ಕೊನೆಯ ಹದ ಕೊಡುವ ಮಾಸ್ಟರಿಂಗ್, ಹಾಡಿಗೆ ₹3000ದಂತೆ, ಮತ್ತು ಸ್ಟುಡಿಯೋ ಬಾಡಿಗೆ. ವಾದ್ಯದವರ ಸಂಭಾವನೆಯಲ್ಲಿ ಚೌಕಾಸಿ ಮಾಡಬೇಡಿ ಅಂತ ಕೈಮುಗಿದು ಕೇಳುತ್ತೇನೆ. ಉಳಿಸಬೇಕಾದರೆ ಮನೆಯಲ್ಲಿ ಅಭ್ಯಾಸ ಮಾಡಿ ಗಂಟೆ ಉಳಿಸಿ.

ಕಡೆಯದಾಗಿ, ಬಾಕಿ ಹಣ ಕೊಡುವ ಮೊದಲು ಸ್ವಂತ ಹಾರ್ಡ್‌ಡಿಸ್ಕ್ ಒಯ್ಯಿರಿ. ತಯಾರಾದ ಹಾಡಷ್ಟೇ ಅಲ್ಲ, ತಬಲಾ, ಪೇಟಿ, ಧ್ವನಿ ಪ್ರತಿಯೊಂದರ ಬೇರೆ ಬೇರೆ ಫೈಲ್ ಕೇಳಿ, ಮತ್ತೆ ಹಾಡುವ ಧ್ವನಿ ಇಲ್ಲದ ಮೈನಸ್ ಟ್ರ್ಯಾಕ್ ಕೂಡ. ಸ್ಟುಡಿಯೋದ ಕಂಪ್ಯೂಟರ್ ಕೆಟ್ಟರೆ ಎಲ್ಲ ಹೋಯಿತು. ನಾನು ತಂದ ಮೈನಸ್ ಟ್ರ್ಯಾಕ್ ಅನ್ನು ನಮ್ಮ ಶಾಲೆಯ ಮಕ್ಕಳು ಆಗಸ್ಟ್ 15ಕ್ಕೆ ಅಭ್ಯಾಸ ಮಾಡುತ್ತಿದ್ದಾರೆ. ಬಿಳಿ ನಾಲ್ಕು ಅವರಿಗೆ ತೀರ ತಗ್ಗು, ಚರಣದ ಕೆಳಗಿನ ಸ್ವರ ಕೇಳುವುದೇ ಇಲ್ಲ. ಅವರಿಗಾಗಿ ಕಪ್ಪು ಐದರಲ್ಲಿ ಇನ್ನೊಮ್ಮೆ ಪೇಟಿ, ತಬಲಾ ನುಡಿಸಿ ಕೊಡೋಣ ಅಂತ ಮಾಸ್ತರರೇ ಹೇಳಿದ್ದಾರೆ, ಬರುವ ರವಿವಾರ ಸ್ಟುಡಿಯೋ ಹಿಡಿದಿದ್ದೇನೆ.